ಕಣ್ಣ ಕೆಳಗಿನ ಚೀಲ

ನಾನು ಕೆಲಸ ಮಾಡುವ ಕೇಂದ್ರದ ತೊಟ್ಟಿಯಲ್ಲಿ ಎರಡನೆಯ ‘ಕಾಡಿಗೆ’ ಮೀನು ಸತ್ತ ಮರುದಿನ ಮೀನು ಮಾರುಕಟ್ಟೆಯಲ್ಲಿ ಕಲ್ಯಾಣಿ ಚಿಕ್ಕಮ್ಮ ನನ್ನ ಚೀಲಕ್ಕೆ ಕೇಳದೆಯೇ ಒಂದು ಹಿಡಿ ಬಂಗುಡೆ ಹೆಚ್ಚಿಗೆ ಹಾಕಿದರು. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನೇ ಹಿಂದಕ್ಕೆ ತಳ್ಳಿದರು.

“ನಿನ್ನತ್ರ ದುಡ್ಡು ತೆಗೊಂಡ್ರೆ ಕಡಲು ಮೆಚ್ಚುದಿಲ್ಲ ಮಗಾ,” ಎಂದು ಕಣ್ಣು ಹೊಡೆದರು. “ಇನ್ನೆಷ್ಟು ಉಂಟು?”

“ಚಿಕ್ಕಮ್ಮ, ಅವುಗಳನ್ನು ನಾನು ಕೊಂದದ್ದಲ್ಲ.”

“ನೀನು ಕೊಂದದ್ದು ಅಂತ ನಾನೆಲ್ಲಿ ಹೇಳಿದೆ? ಇನ್ನೆಷ್ಟು ಉಂಟು ಅಂತ ಕೇಳಿದ್ದು.”

ಸಾಲಾಗಿ ಕೂತಿದ್ದ ಹೆಂಗಸರೆಲ್ಲ ಮುಸಿಮುಸಿ ನಕ್ಕರು. ಒಬ್ಬಳಂತೂ ಬುಟ್ಟಿ ಬಿಟ್ಟು ಎದ್ದು ನಿಂತು ನನಗೆ ಕೈ ಮುಗಿದಳು. ನನಗೆ ಮೈಯೆಲ್ಲ ಉರಿಯಿತು. ಕೆಲಸ ಮಾಡುವಲ್ಲಿ ನಾನು ಬೆನ್ನ ಹಿಂದೆ ಕಳ್ಳ, ಊರಿನಲ್ಲಿ ಎದುರಿಗೇ ವೀರ. ಎರಡು ಕಡೆಯವರೂ ಬೇರೆ ಯಾವ ವಿಷಯದಲ್ಲೂ ಒಪ್ಪುವವರಲ್ಲ. ಮೀನು ಕೊಂದದ್ದು ನಾನು, ಈ ಸದಾಶಿವ ತಿಂಗಳಾಯ, ಎನ್ನುವುದೊಂದರಲ್ಲಿ ಮಾತ್ರ ಅವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ.

ಸಂಗತಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು. ಅರಬ್ಬಿ ಸಮುದ್ರದ ನಡುವೆ ಮುಳುಗಿರುವ ಬೆಟ್ಟಸಾಲನ್ನು ಅಗೆದು ಲೋಹ ತೆಗೆಯುವುದೆಂದು ತೀರ್ಮಾನವಾದಾಗ ಸರಕಾರ ಒಂದು ಕಾನೂನು ತಂದಿತು. ಯಾವ ಜಾಗವನ್ನು ಅಗೆಯಬೇಕೋ ಅಲ್ಲಿಯ ಜೀವಿಗಳನ್ನು ಮೊದಲು ನೆಲದ ಮೇಲೆ ಬದುಕಿಸಿ ತೋರಿಸಬೇಕು. ಬದುಕಿದವೋ, ತಳಿ ಅಳಿಯುವುದಿಲ್ಲ, ಅಗೆಯಬಹುದು. ಬದುಕಲಿಲ್ಲವೋ, ಅಗೆಯುವಂತಿಲ್ಲ. ಅಗೆದರೆ ಎದ್ದ ಕೆಸರು ಕಡಲೆಲ್ಲ ಹರಡಿ ನಮ್ಮ ದೋಣಿಗಳಿಗೆ ಮೀನು ಸಿಗದು ಎನ್ನುವುದು ನಮ್ಮ ಜನರ ಭಯ. ಆದ್ದರಿಂದ ಕರಾವಳಿಯ ಮೀನುಗಾರರೆಲ್ಲ ಜೀವನದಲ್ಲಿ ಮೊದಲ ಬಾರಿಗೆ ಕೆಲವು ಮೀನುಗಳು ಬೇಗ ಸಾಯಲಿ ಎಂದು ಹರಕೆ ಹೊತ್ತರು.

ಆ ಮೀನುಗಳನ್ನು ಬದುಕಿಸಲು ನಮ್ಮೂರ ಕಡಲ ದಂಡೆಯಲ್ಲಿ ಕಟ್ಟಿದ್ದು ಈ ಕೇಂದ್ರ. ಅದರ ಜೀವಾಳ ಒಂದು ಉಕ್ಕಿನ ತೊಟ್ಟಿ. ಒಂದು ಕಿಲೋಮೀಟರಿಗೂ ಆಳದಲ್ಲಿ ನೀರು ಎಷ್ಟು ಬಲದಿಂದ ಒತ್ತುತ್ತದೋ ಅಷ್ಟೇ ಒತ್ತಡವನ್ನು ಅದರೊಳಗೆ ಹಗಲೂ ರಾತ್ರಿ ಕಾಯಬೇಕು. ನೀರು ಐಸಿನಂತೆ ತಣ್ಣಗಿರಬೇಕು. ಅರಬ್ಬಿ ಸಮುದ್ರದ ಆ ಆಳದಲ್ಲಿ ಉಸಿರಾಟಕ್ಕೆ ಆಮ್ಲಜನಕ ತೀರಾ ಕಡಿಮೆ. ಹಾಗಾಗಿ ತೊಟ್ಟಿಯಲ್ಲೂ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಕತ್ತಲೆ. ತೊಟ್ಟಿಗೆ ದಪ್ಪ ಗಾಜಿನ ಒಂದೇ ಕಿಟಕಿ, ಅದರೆದುರು ಒಂದು ಮೇಜು, ಮೇಜಿನ ಮೇಲೆ ಒತ್ತಡದ ತಿರುಗಣೆಗಳು. ತೊಟ್ಟಿ ಇರುವ ಆ ಹಜಾರಕ್ಕೆ ಮೊಬೈಲು, ಕೈಗಡಿಯಾರ, ಬೆಂಕಿಪೆಟ್ಟಿಗೆ ಏನೂ ತರುವಂತಿಲ್ಲ. ಮೀನುಗಳ ಚಲನವಲನವನ್ನು ಶಬ್ದದ ಅಲೆಗಳಿಂದ ಮೂಡಿದ ಚಿತ್ರದಲ್ಲಿ ನೋಡುವುದು. ಅದನ್ನೂ ಬೆಳಕು ಹೊರಗೆ ಬೀಳದ ಹಾಗೆ, ಹಳೆಯ ಕಾಲದ ಸ್ಟುಡಿಯೋದವರಂತೆ ಕರಿಬಟ್ಟೆಯೊಳಗೆ ತಲೆ ತೂರಿಸಿಯೇ ನೋಡಬೇಕು.

ನಾನು ಒತ್ತಡ ಕಾಯುವವನು. ನನ್ನದು ಹಗಲಿನ ಪಾಳಿ, ಫೆಲಿಕ್ಸ್ ಡಿಸಿಲ್ವಾನದು ಸಂಜೆಯಿಂದ ಬೆಳಗಿನ ತನಕದ ಪಾಳಿ. ನನ್ನ ಹೆಂಡತಿ ವಾರಿಜಾ ಅದೇ ಕೇಂದ್ರದಲ್ಲಿ ಮೀನುಗಳ ಅಂಗರಚನೆ ನೋಡುವ ವಿಜ್ಞಾನಿ. ಅಂದರೆ ಬದುಕಿರುವ ತನಕ ಮೀನು ನನ್ನದು, ಸತ್ತ ಮೇಲೆ ಅವಳದು. ಮದುವೆಯಾದ ಹೊಸತರಲ್ಲಿ ಈ ಮಾತಿಗೆ ನಾವಿಬ್ಬರೂ ನಗುತ್ತಿದ್ದೆವು.

ಹಡಗಿನವರು ಒತ್ತಡದ ಪೆಟ್ಟಿಗೆಯೊಳಗೇ ಮೇಲೆತ್ತಿ ತಂದ ಮೀನುಗಳು ನಾಲ್ಕು. ಗೇಣುದ್ದದ, ಹುರುಪೆ ಇಲ್ಲದ, ಮಖಮಲ್ಲಿನಷ್ಟು ಕಪ್ಪಾದ ಮೈ. ಹಾಗಾಗಿ ಕಾಡಿಗೆ ಎಂದು ಹೆಸರಿಟ್ಟೆವು. ಈಜಲು ಗಾಳಿಚೀಲ ಇಲ್ಲ, ಮಾಂಸ ಮೆತ್ತಗೆ. ವಿಚಿತ್ರ ಎಂದರೆ ದವಡೆ. ಕೆಳದವಡೆಯ ಎರಡು ಎಲುಬುಗಳ ನಡುವೆ ಚರ್ಮವೇ ಇಲ್ಲ, ಬಾಯಿಗೆ ತಳವಿಲ್ಲ. ನೀರು ಅಡ್ಡ ಬರದ ಹಾಗೆ ಚಕ್ಕನೆ ಬಾಯಿ ಮುಚ್ಚಲು ಈ ಏರ್ಪಾಡು ಎಂದು ವಾರಿಜಾ ಹೇಳಿದ್ದಳು. ಕಣ್ಣಿನ ಹಿಂದೆ ಒಂದು ಸಣ್ಣ ನೀಲಿ ದೀಪ. ಆಳದ ಮೀನುಗಳಲ್ಲಿ ಅದು ಸಾಮಾನ್ಯ. ಕಣ್ಣಿನ ಕೆಳಗೆ ಕಂದು ಬಣ್ಣದ, ಹನಿಯಂತೆ ಜೋತುಬಿದ್ದ ಒಂದು ಚೀಲ. ಅದೇನೋ ಗ್ರಂಥಿ ಇರಬೇಕು ಎಂದು ಎಲ್ಲರೂ ಸುಮ್ಮನಾದರು. ಕ್ಯಾಂಟೀನಿನಲ್ಲಿ ನಾವು ಅದನ್ನು ಕಣ್ಣೀರ ಚೀಲ ಎನ್ನುತ್ತಿದ್ದೆವು.

ನಾನು ಮಾಡಿದ ಒಂದೇ ಅಪರಾಧ ಅದೇ ಕ್ಯಾಂಟೀನಿನಲ್ಲಿ ಬಾಯಿ ಬಿಟ್ಟದ್ದು. “ಪಾಪದವು ಮಾರಾಯ, ಎಲ್ಲಿಂದ ತಂದರೋ ಅಲ್ಲಿಗೇ ಬಿಡುದು ಒಳ್ಳೇದು,” ಎಂದು ಫೆಲಿಕ್ಸನ ಹತ್ತಿರ ಹೇಳಿದೆ. ಅದಾಗಿ ಎರಡೇ ದಿನಕ್ಕೆ, ನನ್ನ ಪಾಳಿಯಲ್ಲೇ, ಮೊದಲನೆಯದು ಹೊಟ್ಟೆ ಮೇಲೆ ಮಾಡಿತು.

ವಾರಿಜಾ ಕೊಯ್ದು ನೋಡಿದಳು. ಹಿಡಿಯುವಾಗಲೇ ಕಿವಿರಿಗೆ ಗಾಯವಾಗಿದೆ, ಅದರಿಂದಲೇ ಸಾವು ಎಂದು ಬರೆದಳು. ಅದು ನಿಜ. ಆದರೆ ನಿಜಕ್ಕೆ ಬರೆದವರ ಹೆಸರೂ ಬೇಕಲ್ಲ! ಗಂಡನನ್ನು ಉಳಿಸಲು ಹೆಂಡತಿ ಕೊಟ್ಟ ವರದಿ ಎಂದು ಇಡೀ ಕೇಂದ್ರ ಮಾತಾಡಿಕೊಂಡಿತು. ನಿರ್ದೇಶಕರಾದ ಡಾಕ್ಟರ್ ಹತ್ವಾರರು ಮಾತ್ರ ಏನೂ ಆಡಲಿಲ್ಲ. ಬದಲಿಗೆ, ಯಾವತ್ತೂ ಬಾರದವರು, ನಮ್ಮ ಮದುವೆಯ ದಿನವನ್ನು ಅದು ಹೇಗೋ ನೆನಪಿಟ್ಟುಕೊಂಡು ಕ್ವಾರ್ಟರ್ಸಿಗೆ ಬಂದರು. ಚಹಾ ಕುಡಿದರು. ಒಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟರು. ಊಟದ ಮೇಜಿನ ಎದುರು ತಾವೇ ಸ್ಟೂಲು ಹತ್ತಿ ಮೊಳೆ ಹೊಡೆದು ತೂಗುಹಾಕಿಯೂ ಹೋದರು. ಅದು ದಿನವೂ ಕೆಲವು ನಿಮಿಷ ಹಿಂದೆ ಓಡುತ್ತಿತ್ತು. ಸರಕಾರಿ ಗಡಿಯಾರ, ಇಷ್ಟು ಓಡುವುದೇ ದೊಡ್ಡದು ಎಂದು ನಾನು ಕುಶಾಲು ಮಾಡಿದೆ.

ಅದೇ ವಾರ ವಾರಿಜಾ ನನಗೆ ಹೊಸ ಫ್ಲಾಸ್ಕ್ ತಂದಳು. ಹಜಾರದ ಚಳಿಗೆ ಬಿಸಿ ಗಂಜಿತಿಳಿ ಒಯ್ಯುವುದು ನನ್ನ ಅಭ್ಯಾಸ. ಒಳಗೆ ಬಿಡುವ ವಸ್ತು ಅದೊಂದೇ. ಹಳೆಯದರ ಮುಚ್ಚಳ ಸೋರುತ್ತಿತ್ತು. ಹೊಸದು ದಪ್ಪ ತಳದ, ಬುಡಕ್ಕೆ ಕಪ್ಪು ಪಟ್ಟಿಯಿದ್ದ ಒಳ್ಳೆಯ ಫ್ಲಾಸ್ಕ್. ಅದನ್ನು ತೊಳೆಯುವುದು, ತುಂಬುವುದು ಎಲ್ಲ ಅವಳೇ. ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. “ನೀವು ತೊಳೆದ್ರೆ ತಳ ಒಡೀತೀರಿ,” ಎನ್ನುತ್ತಿದ್ದಳು. ಹೆಂಡತಿಗೆ ನನ್ನ ಮೇಲೆ ಇಷ್ಟು ಕಾಳಜಿಯೇ ಎಂದು ಹಿಗ್ಗಿದೆ.

ಹಿಗ್ಗಲು ಇನ್ನೊಂದು ಕಾರಣವೂ ಒದಗಿತು. ಆವರೆಗೆ ತೊಟ್ಟಿಯ ಹಿಂಬದಿಯಲ್ಲೇ ಅಡಗಿರುತ್ತಿದ್ದ ಕಾಡಿಗೆಗಳು ನನ್ನ ಪಾಳಿಯಲ್ಲಿ ಕಿಟಕಿಯ ಹತ್ತಿರ ಬರತೊಡಗಿದವು! ಬಟ್ಟೆಯೊಳಗೆ ತಲೆ ಹಾಕಿ ನೋಡಿದರೆ ಮೂರೂ ಗಾಜಿನ ಬಳಿ, ನನ್ನ ಮೇಜಿಗೆ ಮುಖಮಾಡಿ ನಿಂತಿರುತ್ತಿದ್ದವು. ನಾನು ಮೆಲ್ಲಗೆ ಮಾತಾಡಿಸುತ್ತಿದ್ದೆ. ಗಂಜಿತಿಳಿ ಗುಟುಕರಿಸುತ್ತ ಊರ ಸುದ್ದಿ ಹೇಳುತ್ತಿದ್ದೆ. ಫೆಲಿಕ್ಸನ ಪಾಳಿಯಲ್ಲಿ ಅವು ಕಿಟಕಿಯತ್ತ ಸುಳಿಯುತ್ತಲೂ ಇರಲಿಲ್ಲ. ಇದನ್ನು ನಾನು ಜಂಬದಿಂದ ಹತ್ತು ಜನಕ್ಕೆ ಹೇಳಿಕೊಂಡು ತಿರುಗಿದೆ. ಮಕ್ಕಳಿಲ್ಲದ ಮನುಷ್ಯನಿಗೆ ಮೂರು ಮೀನುಗಳು ಗುರುತು ಹಿಡಿದರೆ ಎಷ್ಟು ಸಂತೋಷವಾಗುತ್ತದೆ ಎಂದು ಬೇರೆಯವರಿಗೆ ಹೇಗೆ ತಿಳಿಯಬೇಕು?

ಆಮೇಲೆ ಅವು ಗಾಜಿಗೆ ಢಿಕ್ಕಿ ಹೊಡೆಯಲು ಸುರುಮಾಡಿದವು. ಹಿಂದೆ ಸರಿದು, ತಳವಿಲ್ಲದ ದವಡೆಯನ್ನು ಮುಂದೆ ಚಾಚಿ, ಓಡಿ ಬಂದು ಬಡಿಯುವುದು. ನಾನು ಒತ್ತಡ ನೋಡಿದೆ, ನೀರಿನ ಚಳಿ ನೋಡಿದೆ, ಎಲ್ಲ ಸರಿ ಇತ್ತು. ಹತ್ವಾರರಿಗೆ ಫೋನು ಮಾಡಲು ಹೊರಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಒಂದು ಮೀನು ದವಡೆ ಮುರಿದುಕೊಂಡು ತೇಲುತ್ತಿತ್ತು. ಕಲ್ಯಾಣಿ ಚಿಕ್ಕಮ್ಮ ಬಂಗುಡೆ ಕೊಟ್ಟದ್ದು ಅದರ ಮರುದಿನ. ವಾರ ಕಳೆಯುವುದರೊಳಗೆ ಮೂರನೆಯದೂ ಹಾಗೆಯೇ ಹೋಯಿತು, ಅದೂ ನನ್ನ ಪಾಳಿಯಲ್ಲಿ.

ಹತ್ವಾರರು ಕರೆಸಿದರು. ಅವರ ಮೇಜಿನ ಮೇಲೆ ಮೂರು ಸಾವಿನ ಚಿತ್ರಗಳಿದ್ದವು.

“ಕೂತ್ಕೊಳ್ಳಿ ತಿಂಗಳಾಯರೇ. ಫೆಲಿಕ್ಸನ ಪಾಳಿಯಲ್ಲಿ ಮೀನು ಆರಾಮ ಇರ್ತವೆ. ನಿಮ್ಮ ಪಾಳಿಯಲ್ಲಿ ತಲೆ ಚಚ್ಚಿಕೊಂಡು ಸಾಯ್ತವೆ. ನೀವೇ ಹೇಳಿ, ಎಂತ ಮಾಡ್ತೀರಿ ನೀವು ಅಲ್ಲಿ?”

“ಎಂತದೂ ಮಾಡುದಿಲ್ಲ ಸಾರ್. ಕೂತ್ಕೊಂಡಿರ್ತೇನೆ.”

“ಅದೇ ನಂಗೂ ಕಾಣುದು,” ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ ಹಾಗೆ ತಟ್ಟನೆ ನಿಲ್ಲಿಸಿದರು. “ಅಂದ್ರೆ, ಹಾಗೆ ಅನಿಸುದು. ಇನ್ನೊಂದು ಉಳಿದಿದೆ. ಅದಕ್ಕೇನಾದ್ರೂ ಆದ್ರೆ ನಾನು ಪೊಲೀಸಿಗೆ ಕೊಡ್ಲೇಬೇಕಾಗ್ತದೆ. ಕಂಪನಿಯವರು ನನ್ನ ಕುತ್ತಿಗೆ ಮೇಲೆ ಕೂತಿದ್ದಾರೆ.”

“ಹಾಗಾದ್ರೆ ನನ್ನನ್ನು ಪಾಳಿಯಿಂದ ತೆಗೀರಿ ಸಾರ್.”

“ಬೇಡ ಬೇಡ. ನೀವೇ ಮುಂದುವರೀರಿ.”

ಅಲ್ಲಿಗೆ ನನ್ನ ತಲೆ ಪೂರ್ತಿ ಕೆಟ್ಟಿತು. ಕಳ್ಳನೆಂದು ಅನುಮಾನ ಇರುವವನ ಕೈಗೇ ಬೀಗದಕೈ ಯಾಕೆ ಕೊಡುತ್ತಾರೆ? ಕಾಣುವುದು ಎಂದರಲ್ಲ, ಕತ್ತಲೆಯಲ್ಲಿ ಅವರಿಗೆ ಹೇಗೆ ಕಾಣುತ್ತದೆ? ಹಜಾರಕ್ಕೆ ಹೋಗಿ ಗೋಡೆಗಳನ್ನು ಕೈಯಿಂದ ಸವರಿ ನೋಡಿದೆ, ಮೇಜಿನ ಅಡಿಗೆ ಬೆರಳಾಡಿಸಿದೆ. ಏನೂ ಸಿಗಲಿಲ್ಲ. ಹಾಗಾದರೆ ಫೆಲಿಕ್ಸನೇ ನೀರಿಗೆ ಏನಾದರೂ ಬೆರೆಸಿ ಹೋಗುತ್ತಿರಬಹುದೇ? ಅವನು ನಕ್ಕರೆ ಅನುಮಾನ, ನಗದಿದ್ದರೂ ಅನುಮಾನ. “ಎಂತ ಸದಣ್ಣ, ನನ್ನ ಟಿಫಿನ್ನು ಯಾಕೆ ಮೂಸಿ ನೋಡ್ತೀರಿ?” ಎಂದು ಅವನು ಒಂದು ದಿನ ಕೇಳಿಯೇಬಿಟ್ಟ. ನನಗೆ ನಾಚಿಕೆಯಾಯಿತು. ಆದರೂ ಮೂಸುವುದನ್ನು ಬಿಡಲಿಲ್ಲ.

ಮನೆಯಲ್ಲಿ ವಾರಿಜಾ ಮಾತು ಕಡಿಮೆ ಮಾಡಿದ್ದಳು. ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ಸಂಜೆ ನಾನೇ ಕೇಳಿದೆ.

“ನಿಂಗೂ ಅನುಮಾನವಾ?”

“ಎಂತ ಅನುಮಾನ?”

“ಗೊತ್ತಿಲ್ಲದವರ ಹಾಗೆ ಕೇಳ್ಬೇಡ. ನಾನೇ ಕೊಂದದ್ದು ಅಂತ.”

ಅವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. “ಆ ಕಣ್ಣೀರ ಚೀಲ ಉಂಟಲ್ಲ, ಅದು ಗ್ರಂಥಿ ಅಲ್ಲ ಅಂತ ಕಾಣ್ತದೆ,” ಎಂದಳು. ನಾನು ಕೇಳಿದ್ದು ಒಂದು, ಅವಳು ಹೇಳಿದ್ದು ಇನ್ನೊಂದು. “ಚೀಲದ ಒಳಗೆ ಕನ್ನಡಿಯ ಹಾಗೆ ಹೊಳೆಯುವ ಒಂದು ಪದರ ಉಂಟು. ಹೊರಗೆ ಕಂದು ಬಣ್ಣದ, ಫಿಲ್ಟರಿನ ಹಾಗಿನ ಪದರ ಉಂಟು. ಗ್ರಂಥಿಗೆ ಕನ್ನಡಿ ಯಾಕೆ?”

“ನಂಗೇನು ಗೊತ್ತು? ಸತ್ತ ಮೇಲೆ ಮೀನು ನಿನ್ನದಲ್ವಾ,” ಎಂದು ತಟ್ಟೆ ಬಿಟ್ಟು ಎದ್ದೆ. ಅವಳು ಹಿಂದೆಯೇ ಬರಲಿಲ್ಲ. ಹೆಂಡತಿಯೂ ನನ್ನನ್ನು ನಂಬುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಹೊರಗಿನವರ ಅನುಮಾನಕ್ಕೆ ಸಿಟ್ಟು ಬರುತ್ತದೆ. ಮನೆಯೊಳಗಿನದಕ್ಕೆ ಊಟ ಸೇರುವುದಿಲ್ಲ.

ಉಳಿದ ನಾಲ್ಕನೆಯ ಕಾಡಿಗೆ ಕಿಟಕಿಗೆ ಬರುವುದನ್ನು ಬಿಟ್ಟಿರಲಿಲ್ಲ. ಈಗ ನನಗೆ ಅದು ಹತ್ತಿರ ಬಂದರೇ ಭಯ. “ಹೋಗು, ಆಚೆ ಹೋಗು,” ಎಂದು ಗದರುತ್ತಿದ್ದೆ. ಅದು ನನ್ನ ಮೇಜನ್ನೇ ನೋಡುತ್ತ ನಿಂತಿರುತ್ತಿತ್ತು. ನನ್ನಲ್ಲೇ ಏನೋ ದೋಷ ಇರಬೇಕು, ನನ್ನ ಉಸಿರಿನಲ್ಲೋ ನೆರಳಿನಲ್ಲೋ ವಿಷ ಇರಬೇಕು ಎಂದು ನಾನು ನಂಬುವ ಮಟ್ಟಕ್ಕೆ ಬಂದಿದ್ದೆ. ಅದು ಮೊದಲ ಸಲ ಗಾಜಿಗೆ ಬಡಿದ ದಿನ ವಾರಿಜಾ ತನ್ನ ಪ್ರಯೋಗಾಲಯದಿಂದ ನೇರ ಹಜಾರಕ್ಕೆ ಬಂದಳು. ಅವಳ ಕೈಯಲ್ಲಿ ಕಣ್ಣಿಗೆ ಬಿಡುವ ಔಷಧದಂಥ ಪುಟ್ಟ ಸೀಸೆ ಇತ್ತು.

ಹೊರಗಿನ ಕೋಣೆಯಲ್ಲಿ ನನ್ನನ್ನು ಕೂರಿಸಿ ಹೇಳಿದಳು. ಅವಳು ಸತ್ತ ಮೂರು ಮೀನುಗಳ ಕಣ್ಣಿನ ಒಳಪರದೆಯನ್ನು ಪರೀಕ್ಷಿಸಿದ್ದಳು. ಅದರಲ್ಲಿ ಸಿಕ್ಕಿದ್ದು ಎಲೆಗಳಲ್ಲಿರುವ ಪತ್ರಹರಿತ್ತಿನಂಥ ಹಸಿರು. ಬಿಸಿಲನ್ನೇ ಕಾಣದ ಮೀನಿನ ಕಣ್ಣಲ್ಲಿ ಎಲೆಯ ಹಸಿರು! ಮೇಲಿನ ನೀರಿನಲ್ಲಿ ಹಸಿರು ಪಾಚಿ ತಿಂದ ಹುಳಗಳು ಕೆಳಗಿಳಿಯುತ್ತವೆ, ಅವುಗಳನ್ನು ತಿಂದ ಕಾಡಿಗೆ ಆ ಹಸಿರನ್ನು ಕಣ್ಣಿಗೆ ಸೇರಿಸಿಕೊಳ್ಳುತ್ತದೆ.

“ಆಳದ ಮೀನುಗಳಿಗೆ ಸಾಮಾನ್ಯವಾಗಿ ಕೆಂಪು ಬೆಳಕು ಕಾಣುದಿಲ್ಲ,” ಎಂದಳು. “ಈ ಹಸಿರು ಇದ್ದದ್ದರಿಂದ ಇದಕ್ಕೆ ಕಾಣ್ತದೆ. ಬರೇ ಕೆಂಪಲ್ಲ, ಕೆಂಪಿನ ಆಚೆ ಇರುವ, ನಮ್ಮ ಕಣ್ಣಿಗೆ ಕತ್ತಲೆಯೇ ಆಗಿರುವ ಬೆಳಕು ಸಹ. ಆ ಚೀಲ ಗ್ರಂಥಿ ಅಲ್ಲ, ದೀಪ. ಅದರಿಂದ ಬರುವ ಬೆಳಕು ಬೇರೆ ಯಾವ ಮೀನಿಗೂ ಕಾಣುದಿಲ್ಲ, ನಮಗೂ ಕಾಣುದಿಲ್ಲ. ಅದಕ್ಕೆ ಮತ್ತು ಅದರ ಜಾತಿಗೆ ಮಾತ್ರ. ಕತ್ತಲೆಯಲ್ಲಿ ಎಲ್ಲರನ್ನೂ ತಾನು ನೋಡುದು, ತನ್ನನ್ನು ಯಾರೂ ನೋಡ್ಬಾರ್ದು. ಹಾಗೆ ಬದುಕುವ ಮೀನು ಅದು.”

“ಅದಕ್ಕೂ ಗಾಜಿಗೆ ಬಡಿಯುದಕ್ಕೂ ಎಂತ ಸಂಬಂಧ?”

ಅವಳು ಸೀಸೆ ಎತ್ತಿ ತೋರಿಸಿದಳು. “ಆ ಹಸಿರಿನಿಂದ ಮಾಡಿದ್ದು. ಎರಡೆರಡು ಹನಿ ಬಿಟ್ಟರೆ ನಾಲ್ಕಾರು ಗಂಟೆ ನಮಗೂ ಆ ಬೆಳಕು ಕಾಣ್ತದೆ. ನಾನು ನಿನ್ನೆ ಬಿಟ್ಟು ನೋಡಿದ್ದೇನೆ.”

“ನಿಂಗೆ ಮಂಡೆ ಸರಿ ಉಂಟಾ? ಕಣ್ಣು ಹೋದ್ರೆ?”

“ಹೋಗ್ಲಿಲ್ಲ ಅಲ್ವಾ. ತಲೆ ಮೇಲೆ ಮಾಡಿ.”

ತಣ್ಣಗಿನ ಹನಿಗಳು ಬಿದ್ದವು. ಸ್ವಲ್ಪ ಹೊತ್ತು ಉರಿ, ನೀರು. ಅವಳೂ ಬಿಟ್ಟುಕೊಂಡಳು. ಸುಮಾರು ಹೊತ್ತು ಕಣ್ಣು ಮುಚ್ಚಿ ಕೂತೆವು. ಆಮೇಲೆ ಅವಳು ನನ್ನ ಕೈ ಹಿಡಿದು ಹಜಾರದ ಎರಡನೆಯ ಬಾಗಿಲು ತೆರೆದಳು.

ಇಷ್ಟು ಕಾಲ ನಾನು ಕೂತ ಹಜಾರದಲ್ಲಿ ಕತ್ತಲೆಯೇ ಇರಲಿಲ್ಲ.

ನನ್ನ ಮೇಜು, ನನ್ನ ಕುರ್ಚಿ, ಕುರ್ಚಿಯ ಬೆನ್ನಿಗೆ ಹಾಕಿದ್ದ, ಮೈ ಒರೆಸುವ ಬೈರಾಸು ಎಲ್ಲವೂ ಮಂಕಾದ ಕೆಂಪಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಕಿಟಕಿಯ ಆಚೆ ಕಾಡಿಗೆ ನಿಂತಿತ್ತು. ಅದನ್ನು ಮೊದಲ ಬಾರಿಗೆ ನನ್ನ ಸ್ವಂತ ಕಣ್ಣಿಂದ ನೋಡಿದೆ. ಅದರ ಕಣ್ಣ ಕೆಳಗಿನ ಚೀಲ ಕೆಂಡದ ಹಾಗೆ ಬೆಳಗುತ್ತಿತ್ತು. ಆರುತ್ತಿತ್ತು, ಮತ್ತೆ ಬೆಳಗುತ್ತಿತ್ತು. ಅದು ಯಾರನ್ನೋ ಕರೆಯುತ್ತಿತ್ತು. ಆದರೆ ಇಡೀ ಹಜಾರವನ್ನು ಬೆಳಗುತ್ತಿದ್ದ ಕೆಂಪು ಅದರದಲ್ಲ. ಅದು ನನ್ನ ಮೇಜಿನ ಮೇಲಿಂದ, ಗಾಜಿಗೆ ನೇರ ಎದುರಿನಿಂದ ಬರುತ್ತಿತ್ತು. ಫ್ಲಾಸ್ಕಿನ ಬುಡದ ಕಪ್ಪು ಪಟ್ಟಿಯ ಹಿಂದೆ ಸಾಸಿವೆ ಗಾತ್ರದ ದೀಪಗಳು ಒಂದರ ಪಕ್ಕ ಒಂದು ಉರಿಯುತ್ತಿದ್ದವು. ಅವುಗಳ ನಡುವೆ ಒಂದು ಪುಟ್ಟ ಕ್ಯಾಮೆರಾದ ಕಣ್ಣು.

ಕತ್ತಲೆಯಲ್ಲಿ ನೋಡುವ ಕ್ಯಾಮೆರಾ ತನ್ನದೇ ಬೆಳಕನ್ನು ಚೆಲ್ಲಿಕೊಂಡು ನೋಡುತ್ತದೆ. ಆ ಬೆಳಕು ಮನುಷ್ಯನಿಗೆ ಕಾಣುವುದಿಲ್ಲ, ಹಾಗಾಗಿ ಮೀನಿಗೂ ಕಾಣದು ಎಂದು ಅದನ್ನು ಇಟ್ಟವರು ನಂಬಿದ್ದರು. ಪಾಪದ ಮೀನು ಅದನ್ನು ತನ್ನ ಬಳಗ ಎಂದುಕೊಂಡಿತು. ಕರೆಯಿತು, ಉತ್ತರ ಬರಲಿಲ್ಲ. ಆರದೆ, ಅಲುಗದೆ, ಹಗಲಿಡೀ ದುರುಗುಟ್ಟಿ ನೋಡುವ ಆ ಕಣ್ಣನ್ನು ಕಂಡು ಹೆದರಿತೋ ರೇಗಿತೋ, ಬಂದು ಬಡಿಯಿತು. ಫೆಲಿಕ್ಸನ ಪಾಳಿಯಲ್ಲಿ ಅವು ಯಾಕೆ ಸಾಯಲಿಲ್ಲ ಎಂದು ನನಗೆ ತಿಳಿಯಿತು. ಫೆಲಿಕ್ಸನಿಗೆ ಯಾರೂ ಗಂಜಿತಿಳಿ ಕಟ್ಟಿಕೊಡುತ್ತಿರಲಿಲ್ಲ.

ಮೀನುಗಳು ನನ್ನನ್ನು ನೋಡಲು ಬಂದದ್ದಲ್ಲ. ಒಂದು ದಿನವೂ ಅಲ್ಲ. ಊರ ಸುದ್ದಿಯನ್ನೆಲ್ಲ ನಾನು ಗೋಡೆಗೇ ಹೇಳಿದ್ದೆ. ಸಾವಿಗಿಂತ, ಪೊಲೀಸಿನ ಬೆದರಿಕೆಗಿಂತ ಅದೇ ನನಗೆ ಹೆಚ್ಚು ನೋಯಿತು. ನನಗೆ ಅಳು ಬಂತು.

ಬೈರಾಸು ತೆಗೆದು ಫ್ಲಾಸ್ಕಿನ ಮೇಲೆ ಮುಚ್ಚಿದೆ. ಹಜಾರ ಕಪ್ಪಾಯಿತು. ಮೀನಿನ ದೀಪ ಮಾತ್ರ ಸ್ವಲ್ಪ ಹೊತ್ತು ಅತ್ತಿತ್ತ ಹುಡುಕಿತು. ಆಮೇಲೆ ಅದೂ ಆರಿತು. ನೀರಿನೊಳಗೆ ಅದು ಮೆಲ್ಲಗೆ ಹಿಂದೆ ಸರಿದುಹೋಯಿತು.

“ಯಾರು?” ಎಂದೆ. ಕ್ಯಾಮೆರಾ ಇಟ್ಟವರು ಯಾರೆಂದು ಗೊತ್ತಿದ್ದೂ ಕೇಳಿದೆ.

“ನಾನೇ,” ಎಂದಳು ವಾರಿಜಾ. “ಹತ್ವಾರರು ಕೊಟ್ಟದ್ದು. ಮೊದಲನೆಯದು ಸತ್ತ ದಿನವೇ ಪೊಲೀಸಿಗೆ ಬರೀತೇನೆ ಅಂದ್ರು. ಇಲ್ಲದಿದ್ರೆ ಇದನ್ನು ಇಡಿ ಅಂದ್ರು. ನೀವು ಎಂತದೂ ಮಾಡುದಿಲ್ಲ ಅಂತ ನಂಗೆ ಗೊತ್ತಿತ್ತು. ಅದನ್ನು ಅವರ ಕಣ್ಣಿಗೇ ತೋರಿಸ್ಬೇಕು ಅಂತ ಒಪ್ಪಿದೆ.”

“ಗೊತ್ತಿದ್ದರೆ ತೋರಿಸುದು ಯಾಕೆ?”

ಕತ್ತಲೆಯಲ್ಲಿ ಅವಳು ಮೂಗು ಸೇದುವುದು ಕೇಳಿಸಿತು. ಬಾಯಲ್ಲಿ ಹೇಳಲಾಗದೆ, ನನ್ನ ಕಣ್ಣಿಗೆ ಹನಿ ಬಿಟ್ಟು, ತಾನಾಗಿ ಕೈಹಿಡಿದು ಕರೆತಂದು ತೋರಿಸಿದಳಲ್ಲ, ಅಷ್ಟು ನನಗೆ ಅರ್ಥವಾಯಿತು. ಆದರೆ ಸಮಾಧಾನವಾಗಲಿಲ್ಲ. ದಿನವೂ ಬೆಳಿಗ್ಗೆ ಬಾಗಿಲಲ್ಲಿ ನಿಂತು ನನ್ನ ಕೈಗೆ ಕೊಟ್ಟದ್ದು ಅವಳು. ಹೊತ್ತುಕೊಂಡು ಹೋಗಿ ಆ ಮೀನುಗಳ ಎದುರಿಗೆ ಇಟ್ಟದ್ದು ನಾನು.

ಪಾಳಿ ಮುಗಿಸಿ ಫೆಲಿಕ್ಸನಿಗೆ ತೊಟ್ಟಿ ಒಪ್ಪಿಸಿ, ಫ್ಲಾಸ್ಕನ್ನು ಬೈರಾಸಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆವು. ಹನಿಯ ಪ್ರಭಾವ ಇನ್ನೂ ಇಳಿದಿರಲಿಲ್ಲ. ಮರಗಳ ಎಲೆಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಮನೆ ಸೇರಿದಾಗ ಕಡಲ ಮೇಲೆ ಹೊತ್ತು ಮುಳುಗಿತ್ತು. ವಾರಿಜಾ ದೀಪ ಹಾಕಿದಳು, ಮೇಜಿನ ಮೇಲೆ ತಟ್ಟೆಗಳನ್ನಿಟ್ಟಳು. ನಾನು ಊಟದ ಮೇಜಿನ ಎದುರು ಕೂತೆ.

“ನಾಳೆ ಬೆಳಿಗ್ಗೆ ನಾನೇ ಹೋಗಿ ಹತ್ವಾರರಿಗೆ ಎಲ್ಲ ಹೇಳ್ತೇನೆ,” ಎಂದಳು. “ನಿಮ್ಮ ಹೆಸರು ಸರಿ ಆಗ್ತದೆ. ಉಳಿದ ಮೀನೂ ಬದುಕ್ತದೆ.”

“ಮೀನು ಬದುಕಿದ್ರೆ ಅಗೆಯಲಿಕ್ಕೆ ಒಪ್ಪಿಗೆ ಸಿಗ್ತದೆ. ಕಡಲ ಅಡಿಯಲ್ಲಿರುವ ಬಾಕಿ ಮೀನುಗಳ ಗತಿ?” ಈ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಸ್ವರ ತಗ್ಗಿಸಿ ಕೇಳಿದೆ. “ವಾರಿಜಾ, ನಾವು ಹೇಳದೆಯೇ ಇದ್ರೆ? ಫ್ಲಾಸ್ಕನ್ನು ನಾಳೆಯೂ ಕಿಟಕಿ ಎದುರೇ ಇಟ್ರೆ?”

ಅವಳು ಗಾಬರಿಯಿಂದ ನನ್ನತ್ತ ತಿರುಗಿದಳು. ಆಗಲೇ ಕರೆಂಟು ಹೋಯಿತು.

ಕೋಣೆ ಕತ್ತಲಾಗಬೇಕಿತ್ತು, ಆಗಲಿಲ್ಲ. ಮೇಜು, ತಟ್ಟೆಗಳು, ವಾರಿಜಾಳ ಮುಖ ಎಲ್ಲದರ ಮೇಲೂ ಅದೇ ಮಂಕಾದ ಕೆಂಪು ಬಿದ್ದಿತ್ತು. ಫ್ಲಾಸ್ಕ್ ಬೈರಾಸಿನೊಳಗೆ ಹಾಗೆಯೇ ಇತ್ತು. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ಗೋಡೆಯ ಮೇಲೆ, ದಿನವೂ ಹಿಂದೆ ಓಡುವ ಗಡಿಯಾರದ ಹನ್ನೆರಡರ ಅಂಕಿಯ ಕೆಳಗೆ, ಸಾಸಿವೆ ಗಾತ್ರದ ದೀಪಗಳು ಉರಿಯುತ್ತಿದ್ದವು.

“ಇದು ನಾನಲ್ಲ,” ಎಂದಳು ವಾರಿಜಾ. ಅವಳ ಸ್ವರ ಎಷ್ಟು ಸಣ್ಣದಾಗಿತ್ತೆಂದರೆ ಅದು ಅವಳದೇ ಎಂದು ತಿಳಿಯಲು ನನಗೆ ಹೊತ್ತು ಬೇಕಾಯಿತು. “ಆಣೆ, ಇದು ನಾನಲ್ಲ.”

ಎಷ್ಟೋ ದಿನಗಳ ಅಭ್ಯಾಸ, ಒಂದು ಗಳಿಗೆ ನಾನು ಅವಳನ್ನೂ ಅನುಮಾನಿಸಿದೆ. ಆಮೇಲೆ ಅವಳ ಕುರ್ಚಿಯನ್ನು ನೋಡಿದೆ. ಗಡಿಯಾರಕ್ಕೆ ನೇರ ಎದುರಿನ ಕುರ್ಚಿ. ದಿನವೂ ಸಂಜೆ ತರಕಾರಿ ಹೆಚ್ಚುತ್ತ, ತಂಗಿಗೆ ಫೋನು ಮಾಡುತ್ತ, ಆಫೀಸಿನ ಕಾಗದ ಓದುತ್ತ ಅವಳು ಕೂರುವುದು ಅಲ್ಲೇ. ನನ್ನ ಮೇಲೆ ಕಣ್ಣಿಡಲು ಹೆಂಡತಿಯನ್ನು ಹಿಡಿದವರು, ಹೆಂಡತಿಯ ಮೇಲೆ ಕಣ್ಣಿಡಲು ಗೋಡೆಯನ್ನು ಹಿಡಿದಿದ್ದರು. ಇಷ್ಟು ದಿನ ನಾನು ಏನೂ ಮಾಡದೆ ಕೂತದ್ದನ್ನೆಲ್ಲ ನೋಡಿದರು; ಜೀವನದಲ್ಲಿ ಒಂದೇ ಒಂದು ಸಲ ಮೀನು ಸಾಯಲಿ ಎಂಬಂಥ ಮಾತು ಆಡಿದೆ, ಅದನ್ನೂ ಕೇಳಿಸಿಕೊಂಡರು.

“ಗೊತ್ತುಂಟು, ನೀನಲ್ಲ,” ಎಂದೆ.

ಅವಳು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಒಂದು ಹೆಜ್ಜೆ ಎತ್ತಿಡಲೂ ಹೆದರಿ, ಆ ಬೆಳಕನ್ನೇ ನೋಡುತ್ತ ನಿಂತಿದ್ದಳು. ಅವಳನ್ನು ಹಾಗೆ ನೋಡಿ ನನಗೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಸ್ಟೂಲು ಎಳೆದು ಹತ್ತಿದೆ. ಗಡಿಯಾರದ ಮುಖಕ್ಕೆ ಮುಖ ಕೊಟ್ಟು ನಿಂತೆ.

“ಹತ್ವಾರರೇ, ಕೇಳ್ತದಲ್ಲ? ಮೀನುಗಳಿಗೆ ನಾನು ಎಂತ ಮಾಡಿದೆ ಅಂತ ಕೇಳಿದ್ರಲ್ಲ, ಈಗ ಹೇಳ್ತೇನೆ. ನೀವು ಕೊಟ್ಟ ಕ್ಯಾಮೆರಾ ಉಂಟಲ್ಲ, ಅದರ ಬೆಳಕು ಅವಕ್ಕೆ ಕಾಣ್ತದೆ. ನೀವು ನನ್ನನ್ನು ನೋಡ್ತಾ ಇದ್ದದ್ದಕ್ಕೇ ಅವು ಸತ್ತದ್ದು. ನಾನಲ್ಲ, ನೀವು. ಬೆಳಿಗ್ಗೆ ಫ್ಲಾಸ್ಕು ನಿಮ್ಮ ಮೇಜಿಗೆ ಬರ್ತದೆ. ಪೊಲೀಸಿಗೆ ಕೊಡುದಾದ್ರೆ ಅದನ್ನೂ ಒಟ್ಟಿಗೆ ಕೊಡಿ. ಅಷ್ಟರವರೆಗೆ ಉಳಿದ ಒಂದನ್ನಾದ್ರೂ ದಯವಿಟ್ಟು ನೋಡ್ಲಿಕ್ಕೆ ಹೋಗ್ಬೇಡಿ.”

ಕೆಳಗಿಳಿದು ಫ್ಲಾಸ್ಕಿಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿದೆ. ಅದರ ಕ್ಯಾಮೆರಾ ಗೋಡೆಗೆ ಮುಖಮಾಡುವ ಹಾಗೆ ಫ್ಲಾಸ್ಕನ್ನು ಅಕ್ಕಿಡಬ್ಬಿಯ ಹಿಂದೆ ಇಟ್ಟೆ. ಬೈರಾಸನ್ನು ಗಡಿಯಾರದ ಮೇಲೆ ಹೊದೆಸಿ ಮೊಳೆಗೆ ಸಿಕ್ಕಿಸಿದೆ. ಕೋಣೆಗೆ ಕೊನೆಗೂ ಕತ್ತಲೆ ಬಂತು.

ಆ ಕತ್ತಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ವಾರಿಜಾಳ ಕೈ ತಡವರಿಸಿಕೊಂಡು ಬಂದು ನನ್ನ ತೋಳನ್ನು ಹಿಡಿಯಿತು. ಕರೆಂಟು ಬಂದ ಮೇಲೂ ಬೈರಾಸನ್ನು ನಾವು ತೆಗೆಯಲಿಲ್ಲ.